ನಾಲಿಗೆಯ ಸಾಕ್ಷಿ

ನನ್ನ ಗುರುಗಳನ್ನು ನಾನೇ ತಳ್ಳಿ ಕೊಂದದ್ದು ನನಗೆ ಚೆನ್ನಾಗಿ ನೆನಪಿದೆ. ಅವರ ಎದೆಯ ಮೇಲೆ ನನ್ನ ಎರಡೂ ಅಂಗೈ ಊರಿದ್ದು, ಅಂಗಿಯ ಗುಂಡಿ ಹೆಬ್ಬೆರಳಿಗೆ ಒತ್ತಿದ್ದು, ಕಂದೀಲು ಉರುಳಿದ್ದು, ಆಮೇಲೆ ಕೆಳಗಿನಿಂದ ಬಂದ ಸದ್ದು, ಎಲ್ಲ ನೆನಪಿದೆ. ಇವತ್ತು ಬೆಳಿಗ್ಗೆ ಚಹಾ ಕುಡಿಯುವಾಗಲೂ ನೆನಪಾಯಿತು. ನಾನು ಅವರನ್ನು ಕೊಂದಿಲ್ಲ. ಇದು ನೆನಪಿನಿಂದ ಹೇಳುವ ಮಾತಲ್ಲ, ಬೇರೆಯವರು ಹುಡುಕಿ ತೋರಿಸಿದ್ದರಿಂದ ಗೊತ್ತಾದದ್ದು. ಹುಡುಕಿ ತೋರಿಸಿದವರು ಇಬ್ಬರು ಹೆಂಗಸರು. ಒಬ್ಬಾಕೆ ನನ್ನ ಹೆಂಡತಿ, ಇನ್ನೊಬ್ಬರು ಪೊಲೀಸಿನವರು. ಅವರಿಬ್ಬರ ಉಪಕಾರ ಹೇಳಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ನನಗೆ ಮಾತು ಜಾಸ್ತಿ, ಸಿಟ್ಟು ಅದಕ್ಕಿಂತ ಜಾಸ್ತಿ ಎಂದು ಮನೆಯಲ್ಲಿ ದಿನಾ ಕೇಳುತ್ತೇನೆ. ಸ್ವಲ್ಪ ಸಹಿಸಿಕೊಳ್ಳಿ.

ನನ್ನ ಹೆಸರು ವೈಜಿನಾಥ. ಬೀದರಿನವನು, ಬಿದರಿ ಕೆಲಸದವನು. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದು, ಅದರ ಮೈಮೇಲೆ ಬಳ್ಳಿ ಕೊರೆದು, ಕೊರೆದ ಕಡೆ ಬೆಳ್ಳಿಯ ತಂತಿ ಕೂರಿಸುತ್ತೇವೆ. ಕೊನೆಯಲ್ಲಿ ಕೋಟೆಯ ಮಣ್ಣು, ನವಸಾಗರ, ನೀರು ಕಲಸಿ ಕಾದ ಪಾತ್ರೆಗೆ ಹಚ್ಚಿದರೆ ಸತುವು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಈ ಗುಣ ಇಲ್ಲ. ಕೋಟೆಯೊಳಗೆ ನೂರಾರು ವರ್ಷ ಬಿಸಿಲು ಬೀಳದ, ಮಳೆ ತಾಗದ ಮೂಲೆಯ ಮಣ್ಣೇ ಬೇಕು. ಅದು ಚಲೋದೋ ಅಲ್ಲವೋ ಎಂದು ಹೇಳುವ ಯಂತ್ರ ಇನ್ನೂ ಹುಟ್ಟಿಲ್ಲ. ನಾವು ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡುತ್ತೇವೆ.

ನನ್ನ ಉಸ್ತಾದರು ಮಕ್ಬೂಲ್ ಸಾಹೇಬರು. ಹದಿನೆಂಟನೇ ವಯಸ್ಸಿನಿಂದ ಅವರ ಕಾರಖಾನೆಯಲ್ಲಿ ಕೂತವನು ನಾನು. ಮೂವತ್ತೆಂಟು ವರ್ಷದಲ್ಲಿ ಅವರು ನನ್ನನ್ನು ಒಂದು ಸಲವೂ ಹೊಗಳಲಿಲ್ಲ. ಪಾತ್ರೆ ಚೆನ್ನಾಗಿ ಬಂದರೆ ಸುಮ್ಮನಿರುತ್ತಿದ್ದರು, ಕೆಟ್ಟರೆ ಇಡೀ ಓಣಿಗೆ ಕೇಳುವ ಹಾಗೆ ಬೈಯುತ್ತಿದ್ದರು. ಮಣ್ಣಿನ ವಿಷಯದಲ್ಲಂತೂ ಅವರ ನೇಮ ಭಾಳ ಕಟ್ಟುನಿಟ್ಟು. ರುಚಿ ನೋಡಿದ ಮಣ್ಣನ್ನು ಅಲ್ಲೇ ಉಗುಳಬಾರದು. ಬಾಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು, ಬಯಲಿನಲ್ಲಿ ಉಗುಳಬೇಕು. ಎಂಜಲು ಬಿದ್ದರೆ ಆ ಜಾಗದ ಮಣ್ಣು ಕೆಡುತ್ತದೆ ಎಂಬುದು ಒಂದು ಕಾರಣ, ಅಜ್ಜಂದಿರ ಅನ್ನದ ತಾಟಿನಲ್ಲಿ ಯಾರಾದರೂ ಉಗುಳುತ್ತಾರೇನು ಎಂಬುದು ಇನ್ನೊಂದು. ಹೊಸದಾಗಿ ಸೇರಿದವನು ಮರೆತು ಉಗುಳಿದರೆ ಬೆನ್ನಿಗೆ ಒಂದು ಗುದ್ದು ಬೀಳುತ್ತಿತ್ತು. ನನಗೆ ಬಿದ್ದದ್ದು ಒಂದೇ ಸಲ.

ಇನ್ನು ನೆನಪಿನ ದವಾಖಾನೆಯ ವಿಷಯ. ಬೋರ್ಡಿನ ಮೇಲೆ ಸ್ಮರಣ ಕೇಂದ್ರ ಅಂತಿತ್ತು, ಊರವರು ಕರೆಯುವುದು ಹೀಗೆ. ಅಲ್ಲಿನವರು ನಮಗೆ ತಿಳಿಸಿ ಹೇಳಿದ್ದನ್ನೇ ಹೇಳುತ್ತೇನೆ. ನೆನಪು ಅನ್ನುವುದು ತಲೆಯಲ್ಲಿ ಎತ್ತಿಟ್ಟ ಫೋಟೋ ಅಲ್ಲ. ಏನನ್ನಾದರೂ ನೆನೆಸಿಕೊಂಡಾಗ ಮಿದುಳಿನ ನರಗಳು ಒಂದು ಕ್ರಮದಲ್ಲಿ ಮಿಣುಕುತ್ತವೆ, ಆ ಕ್ರಮವೇ ನೆನಪು. ತಲೆಗೆ ಒಂದು ಟೊಪ್ಪಿಗೆ ಹಾಕಿ ಆ ಕ್ರಮವನ್ನು ಬರೆದಿಡಬಹುದು. ಅದನ್ನೇ ಸಣ್ಣ ಕರೆಂಟಿನಲ್ಲಿ ವಾಪಸು ಆಡಿಸಿದರೆ ಮಿದುಳು ಆ ದಾರಿಯನ್ನು ಕಲಿತುಕೊಳ್ಳುತ್ತದೆ. ಒಂದು ದಿನದಲ್ಲಿ ಬೇರು ಬಿಡುತ್ತದೆ. ಇದಕ್ಕೆ ನಾಟಿ ಎನ್ನುತ್ತಾರೆ. ಮುದುಕರ ಮರೆವಿಗೆ, ತಲೆಗೆ ಪೆಟ್ಟಾದವರಿಗೆ ಇದರಿಂದ ಆದ ಒಳ್ಳೆಯದು ಅಷ್ಟಿಷ್ಟಲ್ಲ.

ನಮ್ಮ ಕಸುಬಿನವರೆಲ್ಲ ಐವತ್ತು ದಾಟಿದ ಮೇಲೆ ನೆನಪು ಬರೆಸಿಡಬೇಕೆಂದು ಸರ್ಕಾರದ ಯೋಜನೆ ಬಂತು. ಬರೆಸಿಟ್ಟೆವು. ಮೂರು ವರ್ಷ ಬಿಟ್ಟು ನನಗೆ ಲಕ್ವಾ, ಅಂದರೆ ಪಾರ್ಶ್ವವಾಯು, ಹೊಡೆಯಿತು. ಕೈಕಾಲು ಬೇಗ ಸರಿಹೋದವು, ಆದರೆ ತಲೆಯಿಂದ ಏನೇನೋ ಉದುರಿಹೋಗಿತ್ತು. ಹೆಂಡತಿ ಜಗದೇವಿಯ ಮುಖ ಗೊತ್ತು, ಮದುವೆ ಗೊತ್ತಿಲ್ಲ. ಉಳಿ ಹಿಡಿಯಲು ಬರುತ್ತದೆ, ಬಳ್ಳಿ ಯಾವ ಕಡೆ ತಿರುಗಬೇಕೆಂದು ತಿಳಿಯದು. ಪ್ರತಿ ಶುಕ್ರವಾರ ದವಾಖಾನೆಗೆ ಹೋಗಿ ಕೂತರೆ ಅಲ್ಲಿನ ತಂತ್ರಜ್ಞ ತುಷಾರ ನನ್ನದೇ ನೆನಪನ್ನು ನನಗೆ ನಾಟಿ ಮಾಡುತ್ತಿದ್ದ. ನಲವತ್ತರ ಆಸುಪಾಸಿನ ಸಭ್ಯ ಮನುಷ್ಯ. ಟೊಪ್ಪಿಗೆಯ ಪಟ್ಟಿ ಗದ್ದಕ್ಕೆ ಒತ್ತದಂತೆ ಹತ್ತಿ ಇಡುತ್ತಿದ್ದ. ನನ್ನ ಮದುವೆಯನ್ನು ನನಗೆ ತಿರುಗಿ ಕೊಟ್ಟವನು ಅವನು. ಆ ಉಪಕಾರವನ್ನು ಈಗಲೂ ನಾನು ಇಲ್ಲ ಅನ್ನುವುದಿಲ್ಲ, ಅದೇ ನನ್ನ ಸಂಕಟ.

ಜನವರಿಯ ಒಂದು ಶನಿವಾರ ಸುದ್ದಿ ಬಂತು. ಉಸ್ತಾದರು ಗುರುವಾರ ಮಧ್ಯಾಹ್ನ ಮಣ್ಣು ತರಲು ಕೋಟೆಗೆ ಹೋದವರು ಮನೆಗೆ ಬಂದಿರಲಿಲ್ಲ. ಎರಡು ದಿನ ಹುಡುಕಿದ ಮೇಲೆ ಬುರುಜಿನ ಒಳದಾರಿಯ ಕೊನೆಯಲ್ಲಿ, ಆಳದ ಗುಂಡಿಯಲ್ಲಿ ಅವರ ಹೆಣ ಸಿಕ್ಕಿತು. ಓಣಿಯವರು ಬಾಗಿಲಲ್ಲಿ ನಿಂತು ಹೇಳುತ್ತಿದ್ದಂತೆ ನನ್ನ ತಲೆಯಲ್ಲಿ ಅದು ಎದ್ದು ನಿಂತಿತು. ಕಂದೀಲು, ಗೋಡೆ, ಅವರ ಮುಖ, ನನ್ನ ಕೈ. ಜಗದೇವಿಗೂ ಹೇಳದೆ ನೇರ ಠಾಣೆಗೆ ಹೋಗಿ, "ಉಸ್ತಾದರನ್ನ ನಾನೇ ಹೊಡ್ದೀನ್ರಿ, ಹಿಡ್ಕೊಳ್ರಿ," ಎಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಯಾರೂ ಅನ್ನುವ ಮೊದಲೇ ಮುಟ್ಟಿ ನೋಡಿಕೊಂಡವನು.

ಪೊಲೀಸರು ತಮ್ಮಲ್ಲಿದ್ದ ಅಂಥದೇ ಟೊಪ್ಪಿಗೆಯನ್ನು ನನ್ನ ತಲೆಗೆ ಹಾಕಿ ನೆನಪು ಓದಿದರು. ನೆನಪು ಇದ್ದದ್ದು ಖರೆ ಎಂದು ಯಂತ್ರ ಹೇಳಿತು. ನಾಟಿ ಮಾಡಿದ ನೆನಪನ್ನು ಯಂತ್ರ ಬೇರೆ ಮಾಡಿ ಗುರುತಿಸುತ್ತದೆ, ಆದರೆ ನನ್ನ ತಲೆಯ ತುಂಬ ನಾಟಿಯೇ ಇತ್ತಲ್ಲ, ಹೊಲದಲ್ಲಿ ಪೈರು ಯಾವುದು ಕಳೆ ಯಾವುದು ಅದಕ್ಕೆ ತಿಳಿಯಲಿಲ್ಲ. ಗುರುವಾರ ಮಧ್ಯಾಹ್ನ ಜಗದೇವಿ ಹುಮನಾಬಾದಿಗೆ ತಂಗಿಯ ಮನೆಗೆ ಹೋಗಿದ್ದಳು, ನಾನು ಗುಳಿಗೆ ನುಂಗಿ ಒಬ್ಬನೇ ಮಲಗಿದ್ದೆ. ಹಾಗಾಗಿ ನನ್ನ ಪರವಾಗಿ ಹೇಳುವವರೂ ಇರಲಿಲ್ಲ. ದವಾಖಾನೆಯವರನ್ನೂ ಸೇರಿಸಿ ಉಸ್ತಾದರ ಪರಿಚಯದವರನ್ನೆಲ್ಲ ಓದಿದರು. ಯಾರ ತಲೆಯಲ್ಲೂ ಏನೂ ಇರಲಿಲ್ಲ.

ಕೊಲೆಗೆ ಕಾರಣವೂ ಆ ನೆನಪಿನಲ್ಲೇ ಇತ್ತು. ಅದರಲ್ಲಿ ಉಸ್ತಾದರು ನನ್ನ ಕೈಗೆ ಒಂದು ಚಿಟಿಕೆ ಮಣ್ಣು ಹಾಕಿ, "ತಿಂದು ನೋಡು ಬೇಟಾ," ಅನ್ನುತ್ತಾರೆ. ತಿನ್ನುತ್ತೇನೆ. "ಏನ್ ತಿಳೀತು?" ಅನ್ನುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ. "ತಿಳೀಲಿಲ್ಲಲ್ಲ? ಅವಗ ತಿಳೀತದ. ಅವನ ನಾಲಿಗಿ ನನ್ನ ನಾಲಿಗಿಕಿಂತ ಚಲೋ ಅದ. ಅವನ ಮುಂದ ಒಂದು ದಿನಾನೂ ಅಂದಿಲ್ಲ ನಾನು, ತಲೀಗಿ ಏರಬಾರದಂತ. ನಾಳಿ ಎಲ್ಲಾರ ಮುಂದ ಹೇಳಾಂವ ಇದ್ದೀನಿ," ಅನ್ನುತ್ತಾರೆ. ಆಮೇಲೆ ನನ್ನ ಕೈ ಮೇಲೇಳುತ್ತದೆ. ಪೊಲೀಸರು ಲೆಕ್ಕ ಹಾಕಿದರು: ಲಕ್ವಾ ಹೊಡೆದ ಮೇಲೆ ವೈಜಿನಾಥನ ನಾಲಿಗೆ ಹೋಯಿತು, ಉಸ್ತಾದರು ಚಿಕ್ಕ ಶಿಷ್ಯ ಇಲಿಯಾಸನನ್ನು ಗಾದಿಗೆ ಕೂರಿಸಲು ಹೊರಟರು, ಇವನು ಹೊಟ್ಟೆಕಿಚ್ಚಿಗೆ ತಳ್ಳಿದ. ನನಗೂ ಹಾಗೇ ಅನ್ನಿಸಿತು. ಮೂವತ್ತೆಂಟು ವರ್ಷ ಒಂದು ಒಳ್ಳೆಯ ಮಾತಿಗೆ ಬಾಯಿ ಬಿಟ್ಟುಕೊಂಡು ಕೂತವನು ನಾನು, ಅದನ್ನು ಇಲಿಯಾಸನಿಗೆ ಕೊಟ್ಟರಲ್ಲ ಎಂದು ಜೈಲಿನಲ್ಲಿ ಕೂತು ಇನ್ನೊಮ್ಮೆ ಹೊಟ್ಟೆ ಉರಿಸಿಕೊಂಡೆ. ಅಂಥ ಹೊಟ್ಟೆಯವನು ಕೊಲೆ ಮಾಡಿದ್ದರಲ್ಲಿ ಏನು ಆಶ್ಚರ್ಯ ಎಂದುಕೊಂಡೆ.

ಜಗದೇವಿ ವಾರಕ್ಕೊಮ್ಮೆ ಜೈಲಿಗೆ ಬರುತ್ತಿದ್ದಳು. ನಾಲ್ಕು ತಿಂಗಳು ನಾನು ಅವಳ ಮುಖ ನೋಡಿ ಸರಿಯಾಗಿ ಮಾತಾಡಲಿಲ್ಲ. ಮೇ ತಿಂಗಳಲ್ಲಿ, ತೀರ್ಪಿಗೆ ಇನ್ನು ಹನ್ನೆರಡು ದಿನ ಇದೆ ಅನ್ನುವಾಗ, ಜೋಳದ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಬಂದಳು. ಜನ್ಮ ಪೂರ್ತಿ ಒಳಗೇ ಇರಬೇಕಾಗುತ್ತದೆ ಎಂದು ವಕೀಲರು ಹೇಳಿಯಾಗಿತ್ತು. ಅವತ್ತು ನನಗೆ ಅಳು ತಡೆಯಲಿಲ್ಲ.

"ನನಗ ಎಂಥ ಹುಚ್ಚು ಹಿಡದಿತ್ತೋ ಜಗದೇವಿ," ಎಂದೆ. "ಮಣ್ಣು ಬಾಯಾಗ ಇಟ್ರ ಬರೀ ಮಣ್ಣು ಮಣ್ಣು ಅನಿಸ್ತು. ಥೂ ಅಂತ ಅಲ್ಲೇ ಉಗುಳಿಬಿಟ್ಟೆ. ಉಸ್ತಾದರ ಕಾಲ ಬುಡಕ್ಕ ಉಗುಳೀನಿ."

ಅವಳು ರೊಟ್ಟಿ ಮುರಿಯುತ್ತಿದ್ದವಳು ನಿಲ್ಲಿಸಿದಳು.

"ಅಲ್ಲೇ? ಒಳಗ?"

"ಹೂಂ."

"ಇನ್ನೊಮ್ಮಿ ಹೇಳ್ರಿ. ರುಚಿ ಹ್ಯಾಂಗಿತ್ತು?"

"ಹೇಳಿದ್ನಲ್ಲ, ಮಣ್ಣಿನ ಹಂಗ. ಕರಕರ."

"ನಿಮ್ಮನ್ನ ಮಾಡ್ಕೊಂಡು ಮೂವತ್ತು ವರ್ಷ ಆತು," ಎಂದಳು ಜಗದೇವಿ. "ಮಣ್ಣು ತಿಂದು ಬಂದ ದಿನ ನನ್ನ ಕಿವಿ ತಿಂತೀರಿ. ಇವತ್ತಿಂದು ಒಗರು, ಇವತ್ತಿಂದು ನಾಲಿಗಿ ಜಗ್ತದ, ಇವತ್ತಿಂದರಾಗ ಉಪ್ಪು ಹಿಂದಿಂದ ಬರ್ತದ. ಒಂದು ದಿನಾನೂ ಮಣ್ಣು ಮಣ್ಣಿನ ಹಂಗ ಅದ ಅಂದಿಲ್ಲ. ಲಕ್ವಾ ಹೊಡದ ಮ್ಯಾಲೂ ಅಂದಿಲ್ಲ. ಹುಚ್ಚು ಹಿಡದ್ರ ಮನುಷ್ಯಾ ಹೆಂಡ್ತಿ ಮ್ಯಾಲ ಉಗುಳ್ತಾನ ಖರೆ, ನೀವು ಆ ಮಣ್ಣಿನ ಮ್ಯಾಲ ಉಗುಳಂಗಿಲ್ಲ. ಆ ನಾಲಿಗಿ ನಿಮ್ದಲ್ಲ."

ನನಗೆ ಸಿಟ್ಟು ಬಂತು. ತಲೆ ನನ್ನದು, ನೆನಪು ನನ್ನದು, ಇವಳು ಯಾರು ಹೇಳಲಿಕ್ಕೆ ಎಂದು ಬೈದೇಬಿಟ್ಟೆ. ಅವಳು ಬುತ್ತಿ ಅಲ್ಲೇ ಬಿಟ್ಟು ಎದ್ದು ಹೋದಳು.

ಹೋದವಳು ಸೀದಾ ಠಾಣೆಯ ಮುಂದೆ ಕೂತಳು. ನನ್ನ ಕೇಸು ಹಿಡಿದಿದ್ದ ಅಧಿಕಾರಿಗೆ ವರ್ಗವಾಗಿ, ಮೈಸೂರು ಕಡೆಯ ದೇವೀರಮ್ಮ ಎಂಬ ಇನ್ಸ್‌ಪೆಕ್ಟರು ಹೊಸದಾಗಿ ಬಂದಿದ್ದರು. ಅವರ ಕೆಲಸ ಫೈಲನ್ನು ಕೋರ್ಟಿಗೆ ಮುಟ್ಟಿಸುವುದು ಅಷ್ಟೆ. ಮೊದಲ ದಿನ ಸಿಪಾಯಿ ಜಗದೇವಿಯನ್ನು ಎಬ್ಬಿಸಿ ಕಳಿಸಿದ. ಎರಡನೇ ದಿನವೂ ಕಳಿಸಿದ. ಮೂರನೇ ದಿನ ದೇವೀರಮ್ಮನವರು ತಾವೇ ಹೊರಗೆ ಬಂದು, "ಏನಮ್ಮ, ಬಿಸಿಲಲ್ಲಿ ಕೂತ್ಕೊಂಡು ನಮಗೆ ಕೆಟ್ಟ ಹೆಸರು ತರ್ತೀಯಾ? ಬಾ ಒಳಗೆ," ಎಂದು ಕರೆದುಕೊಂಡು ಹೋಗಿ ನೀರು ಕೊಟ್ಟು ಕೇಳಿದರಂತೆ. ಇವಳ ಭಾಷೆ ಅವರಿಗೆ ಅರ್ಧ ತಿಳಿಯಲಿಲ್ಲ, ಅವರದು ಇವಳಿಗೆ ಅರ್ಧ ತಿಳಿಯಲಿಲ್ಲ. ನಾಲಿಗೆ, ಮಣ್ಣು, ಉಗುಳು, ಈ ಮೂರು ಮಾತು ಇಬ್ಬರಿಗೂ ತಿಳಿದವು.

ಮರುದಿನ ದೇವೀರಮ್ಮನವರು ಜೈಲಿಗೆ ಬಂದು ನನ್ನ ಎದುರು ಕುರ್ಚಿ ಎಳೆದುಕೊಂಡು ಕೂತರು. ಕೋರ್ಟಿನಲ್ಲಿ ತೋರಿಸುವ ನನ್ನ ನೆನಪಿನ ಚಿತ್ರವನ್ನು ರಾತ್ರಿಯೆಲ್ಲ ನೋಡಿ ಬಂದಿದ್ದರು. ಪರದೆಯ ಮೇಲೆ ಬರುವುದು ಕಣ್ಣು ಕಂಡದ್ದು, ಕಿವಿ ಕೇಳಿದ್ದು ಎರಡೇ. ಆ ಕತ್ತಲಲ್ಲಿ ಕೈಯೂ ನೆರಳಿನಂತೆ ಕಾಣುತ್ತದೆ, ಯಾರ ಕೈ ಎಂದು ಹೇಳಲಾಗದು. ಬಾಯಿಯ ರುಚಿ, ಚರ್ಮದ ಮುಟ್ಟುವಿಕೆ ಚಿತ್ರಕ್ಕೆ ಇಳಿಯುವುದಿಲ್ಲ. ನಾಟಿ ಮಾಡುವಾಗ ಮಾತ್ರ ಅವೂ ಜೊತೆಗೇ ಬರುತ್ತವೆ, ಬರದಿದ್ದರೆ ನೆನಪು ಬೇರೂರುವುದಿಲ್ಲ, ಸಿನಿಮಾ ನೋಡಿದ ಹಾಗೆ ಮೇಲೆ ಮೇಲೆ ನಿಲ್ಲುತ್ತದೆ.

"ಅಂದ್ರೆ ನಿಮ್ಮ ಬಾಯೊಳಗಿಂದು ಈ ಲೋಕದಲ್ಲಿ ನಿಮಗೊಬ್ಬರಿಗೇ ಗೊತ್ತಿರೋದು ವೈಜಿನಾಥ್ ಅವರೇ," ಎಂದರು. "ಹೇಳಿ. ಮಣ್ಣು ಬಾಯಿಗೆ ಹಾಕ್ಕೊಂಡ್ರಿ. ಆಮೇಲೆ?"

ಹೇಳಿದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ. ನಾಲ್ಕನೇ ಸಲಕ್ಕೆ ನನಗೆ ರೇಗಿತು.

"ಮೇಡಂ, ಕೊಂದೀನಿ ಅಂತ ಒಪ್ಪಿಕೊಂಡವನ ಬಾಯಿ ಯಾಕ್ರಿ ಕೆದಕ್ತೀರಿ?"

"ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂತಾರೆ ನಮ್ಮೂರಲ್ಲಿ. ನಿಮ್ಮೂರಲ್ಲಿ ಅನ್ನಲ್ವಾ?" ಎಂದರು. "ತಳ್ಳೋವಾಗ ಸಿಟ್ಟು ಬಂದಿತ್ತಾ?"

ಕಣ್ಣು ಮುಚ್ಚಿ ನೋಡಿದೆ. ಸಿಟ್ಟು ಇರಲಿಲ್ಲ. "ಅಂಜಿಕಿ ಇತ್ರಿ," ಎಂದೆ, ಹೇಳಿದ ಮೇಲೆ ನನಗೇ ಸೋಜಿಗವಾಯಿತು.

"ಹೊಟ್ಟೆಕಿಚ್ಚಿನವನು ಯಾಕೆ ಹೆದರ್ಕೋತಾನೆ? ಇರ್ಲಿ ಬಿಡಿ. ಉಗಿದ್ರಲ್ಲ, ಬಾಯಿ ಪೂರಾ ಖಾಲಿ ಆಯ್ತಾ?"

"ಇಲ್ರಿ. ಒಂದು ಹರಳು ಉಳ್ದಿತ್ತು. ಎಡಗಡಿ ಕೆಳಗ, ಹಲ್ಲಿನ ಖಾಲಿ ಜಾಗದಾಗ ಕುಂತಿತ್ತು. ನಾಲಿಗಿಲಿಂದ ತಳ್ಳಿ ತಳ್ಳಿ ತೆಗದೆ."

ದೇವೀರಮ್ಮ ಎದ್ದು ನಿಂತರು. ಜೇಬಿನಿಂದ ಸಣ್ಣ ಟಾರ್ಚು ತೆಗೆದರು. "ಬಾಯಿ ತೆಗೀರಿ," ಎಂದರು.

ತೆಗೆದೆ. ಬೆಳಕು ಒಳಗೆ ಬಿಟ್ಟು ಎಡಗಡೆ ಕೆಳಗಿನ ಸಾಲನ್ನು ಒಂದೊಂದಾಗಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು. ಆಮೇಲೆ ಕುರ್ಚಿಯ ಮೇಲೆ ಕೂತು ಟಾರ್ಚು ಆರಿಸುವುದನ್ನೂ ಮರೆತರು.

"ಒಂದೂ ಹೋಗಿಲ್ವಲ್ಲ," ಎಂದರು.

ನಾಲಿಗೆ ಆಡಿಸಿ ನೋಡಿಕೊಂಡೆ. ಹಲ್ಲು ಹಲ್ಲಿಗೆ ತಾಗಿಕೊಂಡು ಗಟ್ಟಿಯಾಗಿ ನಿಂತಿದ್ದವು. ಚಿಕ್ಕಂದಿನಿಂದ ನನ್ನ ಬಾಯಲ್ಲೇ ಇದ್ದ ಹಲ್ಲು, ನಾಲ್ಕು ತಿಂಗಳು ಮೂರು ಹೊತ್ತು ರೊಟ್ಟಿ ಅಗಿದ ಹಲ್ಲು. ಒಂದು ಸಲವಾದರೂ ನನಗೆ ಹೊಳೆಯಬಾರದೇ? ತಲೆಯಲ್ಲಿದ್ದದ್ದನ್ನು ಯಾರೂ ಬಾಯಲ್ಲಿ ತಾಳೆ ನೋಡುವುದಿಲ್ಲ. ನಾನು ಅಳಲಿಲ್ಲ, ನಗಲಿಲ್ಲ. "ಮೇಡಂ, ಹಾಂಗಾದ್ರ ಆ ಕೈ ಯಾರದ್ರಿ?" ಎಂದು ಕೇಳಿದೆ.

"ಅದನ್ನೇ ಹುಡುಕ್ತೀನಿ. ನೀವು ಊಟ ಮಾಡಿ, ಮಲಗಿ," ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಪರವಾಗಿ ಪೊಲೀಸಿನವರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡೆನಲ್ಲ, ಅಷ್ಟಕ್ಕೇ ನಾನು ಅವರಿಗೆ ಋಣಿ.

ಮುಂದಿನದು ಆಮೇಲೆ ಅವರು ನನಗೆ ಹೇಳಿದ್ದು. ನನ್ನ ತಲೆಗೆ ನೆನಪು ಹಾಕಬಲ್ಲವರು ಊರಲ್ಲಿ ಒಂದೇ ಕಡೆ ಇದ್ದರು. ದವಾಖಾನೆಯಲ್ಲಿ ನಾಟಿಯ ಕೋಣೆಗೆ ಹೋಗಿಬರುವವರು ಆರು ಮಂದಿ. ದೇವೀರಮ್ಮ ಸುಮ್ಮನೆ ಪರಿಚಯಕ್ಕೆ ಬಂದವರಂತೆ ಶೇಂಗಾ ಚಿಕ್ಕಿಯ ಡಬ್ಬಿ ಹಿಡಿದುಕೊಂಡು ಹೋದರು. ಬೀದರಿಗೆ ಬಂದು ತಿಂಗಳಾಯಿತು, ನಿಮ್ಮೂರ ಸಿಹಿ ನಿಮಗೇ ಹಂಚುತ್ತೇನೆ ಎಂದು ನಗುನಗುತ್ತಾ ಎಲ್ಲರಿಗೂ ಕೊಟ್ಟರು. ಕಡಲೆ ಇದ್ದವನಿಗೆ ಹಲ್ಲಿಲ್ಲ ಅನ್ನುವ ಗಾದೆಯನ್ನು ಹೀಗೆ ಕೆಲಸಕ್ಕೆ ಹಚ್ಚಿದವರು ಅವರೊಬ್ಬರೇ ಇರಬೇಕು. ಐವರು ಎರಡೂ ಕಡೆ ಅಗಿದರು. ತುಷಾರ ಬಲಗಡೆ ಮಾತ್ರ ಅಗಿದ. "ಎಡಗಡೆ ನೋವಾ?" ಎಂದು ಕೇಳಿದರೆ, "ಇಲ್ಲ ಮೇಡಂ, ಎರಡು ವರ್ಷ ಆತು, ದವಡಿ ಹಲ್ಲು ತೆಗಿಸೀನಿ," ಎಂದ, ಸಹಜವಾಗಿ.

ಹಲ್ಲಿಲ್ಲದವರೆಲ್ಲ ಕೊಲೆಗಾರರಲ್ಲ, ಇಷ್ಟರಿಂದ ಕೋರ್ಟು ಒಪ್ಪುವುದಿಲ್ಲ. ಆಗ ಜಗದೇವಿಯ ಇನ್ನೊಂದು ಮಾತು ಕೆಲಸಕ್ಕೆ ಬಂತು. ಆ ಕೈಯವನು ಒಳಗೇ ಉಗುಳಿದ್ದ. ಬಿದರಿಯವರು ಅಲ್ಲಿ ಉಗುಳುವುದಿಲ್ಲ, ಬೇರೆಯವರು ಅಲ್ಲಿಗೆ ಹೋಗುವುದಿಲ್ಲ. ಆ ಮಣ್ಣಿನ ಮೇಲೆ ಬಿಸಿಲು ಬೀಳದು, ಮಳೆ ತಾಗದು. ದೇವೀರಮ್ಮ ಪ್ರಯೋಗಾಲಯದವರನ್ನು ಕರೆದುಕೊಂಡು ಹೋಗಿ ಬುರುಜಿನ ಒಳದಾರಿಯಲ್ಲಿ ಬೊಗಸೆಯಗಲದ ಮಣ್ಣನ್ನೂ ಬಿಡದೆ ಜರಡಿ ಹಿಡಿಸಿದರು. ನಾಲ್ಕು ತಿಂಗಳ ಹಿಂದಿನ ಎಂಜಲು ಒಣಗಿ, ಕಡಲೆಬೇಳೆಯಷ್ಟು ಹೆಂಟೆಯಾಗಿ, ಹಾಗೇ ಕೂತಿತ್ತು. ಉಸ್ತಾದರ ಮಣ್ಣು ಅದನ್ನು ಕಾಪಾಡಿ ಇಟ್ಟಿತ್ತು. ತೀರ್ಪಿಗೆ ಎರಡು ದಿನ ಉಳಿದಾಗ ವರದಿ ಬಂತು. ಎಂಜಲು ತುಷಾರನದೇ.

ಅವನನ್ನು ಹಿಡಿದಾಗ ಅವನು ಅತ್ತ. ತನಗೇನೂ ಗೊತ್ತಿಲ್ಲ, ತಾನು ಆ ದಾರಿ ಕಂಡೇ ಇಲ್ಲ ಎಂದ. ಸುಳ್ಳು ಹೇಳಲಿಲ್ಲ ಪಾಪ. ತಳ್ಳಿದ ದಿನವೇ ದವಾಖಾನೆಗೆ ಓಡಿ, ಆ ನೆನಪನ್ನು ತನ್ನ ತಲೆಯಿಂದ ಬರೆದುಕೊಂಡು, ತನ್ನಲ್ಲಿ ಅಳಿಸಿ, ಶುಕ್ರವಾರ ನನ್ನ ಮದುವೆಯೋ ಮತ್ತೇನೋ ನಾಟಿ ಮಾಡುವ ನೆಪದಲ್ಲಿ ನನಗೆ ಹಾಕಿದ್ದ. ಹಾಕಿದ್ದನ್ನೂ ಆಮೇಲೆ ಅಳಿಸಿಕೊಂಡಿದ್ದ. ಅವನ ಯಂತ್ರದ ದಾಖಲೆಗಳನ್ನು ಬಗೆದಾಗ ಇಷ್ಟೂ ಸಿಕ್ಕಿತು, ಅದರ ಬೇರೂ ಸಿಕ್ಕಿತು. ಬಿದರಿಯವರು ನಂಬಿ ಬರೆಸಿಟ್ಟಿದ್ದ ನೆನಪುಗಳನ್ನು ಅವನು ಎಲ್ಲೋ ದೂರದ ಕಾರ್ಖಾನೆಗೆ ಕದ್ದು ಮಾರುತ್ತಿದ್ದ. ಅದರಲ್ಲಿ ಮಣ್ಣಿನ ರುಚಿಯ ನೆನಪಿಗೇ ಹೆಚ್ಚು ಬೆಲೆ, ಅದು ನನ್ನದು. ಉಸ್ತಾದರಿಗೆ ಹೇಗೋ ಸುಳಿವು ಸಿಕ್ಕಿ, ಪೊಲೀಸರಿಗೆ ಹೇಳುವ ಮೊದಲು ಅವನೊಬ್ಬನನ್ನೇ ಕರೆದುಕೊಂಡು ಹೋಗಿದ್ದರು, ಕದ್ದದ್ದು ಏನೆಂದು ಅವನಿಗೇ ತೋರಿಸಲು. ಅವರ ಬುದ್ಧಿಯೇ ಹಾಗೆ. ಕೆಟ್ಟ ಕೆಲಸ ಮಾಡಿದವನಿಗೆ ಮೊದಲು ಕೆಲಸ ಕಲಿಸಲು ಹೋಗುತ್ತಾರೆ.

ಇದನ್ನೆಲ್ಲ ದೇವೀರಮ್ಮ ಜೈಲಿನಲ್ಲಿ ಕೂತು ನನಗೆ ಒಂದೊಂದಾಗಿ ಹೇಳುತ್ತಿದ್ದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಇದ್ದಕ್ಕಿದ್ದಂತೆ ಅವರು ಮಾತು ನಿಲ್ಲಿಸಿ, "ಅಣ್ಣಾ, ಇನ್ನೂ ಗೊತ್ತಾಗ್ಲಿಲ್ವಾ ನಿಮಗೆ?" ಎಂದರು.

"ಏನ್ರಿ?"

"ಉಸ್ತಾದರು ಮಾತಾಡಿದ್ದು ತುಷಾರನ ಹತ್ರ. ಅವನ ನಾಲಿಗೆ ನನ್ನ ನಾಲಿಗೆಗಿಂತ ಚೆನ್ನಾಗಿದೆ ಅಂದ್ರಲ್ಲ, ಯಾರ ನಾಲಿಗೆ?"

ಯಾವ ಮಾತಿಗೆ ನಾಲ್ಕು ತಿಂಗಳು ಹೊಟ್ಟೆ ಉರಿಸಿಕೊಂಡಿದ್ದೆನೋ, ಯಾವ ಮಾತು ನನ್ನನ್ನು ಕೊಲೆಗಾರ ಮಾಡಿತ್ತೋ, ಅದು ನನ್ನ ಬಗ್ಗೆಯೇ ಆಡಿದ್ದು. ನೆಲದ ಮೇಲೆ ಕೂತು ಮಗುವಿನಂತೆ ಅತ್ತೆ. ದೇವೀರಮ್ಮ ಪಕ್ಕದಲ್ಲೇ ಕೂತಿದ್ದರು.

ಬಿಡುಗಡೆಯಾದ ದಿನ ಜಗದೇವಿ ಜೈಲಿನ ಬಾಗಿಲಲ್ಲಿ ನಿಂತಿದ್ದಳು. ಅವತ್ತು ಬೈದದ್ದಕ್ಕೆ ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳನ್ನು ಕಂಡ ಕೂಡಲೇ ಎಲ್ಲ ಹೋಯಿತು. "ಬುತ್ತಿ ಡಬ್ಬಿ ತಂದೀರೇನು? ಅವತ್ತು ಬಿಟ್ಟು ಬಂದಿದ್ದೆ," ಎಂದಳು. ತಂದಿರಲಿಲ್ಲ. ಅದಕ್ಕೂ ಬೈಸಿಕೊಂಡು ಸಂತೋಷದಿಂದ ಮನೆಗೆ ಬಂದೆ.

ಮನೆಗಿಂತ ಮೊದಲು ಒಂದು ಕಡೆ ಹೋಗಬೇಕಿತ್ತು, ಧೈರ್ಯವಾಗಲಿಲ್ಲ. ಉಸ್ತಾದರ ಹೆಂಡತಿ ಸಕೀನಾ ಬೀ. ಹದಿನೆಂಟರ ನನಗೆ ಅನ್ನ ಹಾಕಿದ ತಾಯಿ. ನಾಲ್ಕು ತಿಂಗಳು ನನ್ನ ಹೆಸರೆತ್ತಿ ಶಾಪ ಹಾಕಿದ್ದರು, ಹಾಕದೆ ಏನು ಮಾಡುತ್ತಾರೆ? ಮೂರನೇ ದಿನ ಅವರೇ ಕೋಲೂರಿಕೊಂಡು ನಮ್ಮ ಮನೆಗೆ ಬಂದರು. ಒಳಗೆ ಬಂದು ಕೂತು ನನ್ನ ಎರಡೂ ಕೈ ಹಿಡಿದು ತಿರುಗಿಸಿ ಮುರುಗಿಸಿ ನೋಡಿ, "ಇವಲ್ಲ," ಎಂದರು. "ಇವಲ್ಲ ಅಂತ ಮೊದಲೇ ನನಗ ತಿಳೀಬೇಕಿತ್ತು ಬೇಟಾ." ಆ ಕೈ ಬಿಡಿಸಿಕೊಂಡು ಅವರ ಪಾದ ಮುಟ್ಟಿದೆ.

ಕೋರ್ಟು ಆ ನೆನಪಿನ ನಕಲನ್ನು ಸಾಕ್ಷಿಗೆಂದು ಇಟ್ಟುಕೊಂಡಿತು. ಚಿತ್ರ, ಸದ್ದು, ಅಷ್ಟೇ. ನನ್ನ ತಲೆಯಲ್ಲಿದ್ದ ಮೂಲವನ್ನು ಅಳಿಸಿಕೊಳ್ಳಲು ನನಗೆ ಹಕ್ಕಿದೆ, ಖರ್ಚು ಸರ್ಕಾರದ್ದು ಎಂದು ನ್ಯಾಯಾಧೀಶರು ಹೇಳಿದರು. ಅಳಿಸಬೇಕೆಂದು ಎಲ್ಲರಿಗಿಂತ ಹೆಚ್ಚು ಆಸೆ ನನಗೇ ಇತ್ತು. ಉಳಿ ಹಿಡಿದರೆ ಅಂಗೈಯಲ್ಲಿ ಅವರ ಎದೆ ತಾಗುತ್ತಿತ್ತು. ಪಾತ್ರೆ ಕೆಳಗೆ ಬಿದ್ದರೆ ಆ ಸದ್ದು. ದೇವೀರಮ್ಮ ಫೋನು ಮಾಡಿ, "ಅಳ್ಸಿಬಿಡಿ ಅಣ್ಣಾ, ಇನ್ನೊಬ್ಬನ ಪಾಪ ನೀವ್ಯಾಕೆ ಹೊರ್ತೀರಿ?" ಎಂದರು. ಜಗದೇವಿಯೂ ಅದನ್ನೇ ಅಂದಳು.

ಕಲಬುರಗಿಯಿಂದ ಬಂದ ಹೊಸ ಡಾಕ್ಟರಮ್ಮ ನನ್ನನ್ನು ಅದೇ ಕುರ್ಚಿಯಲ್ಲಿ ಕೂರಿಸಿದರು. ಗದ್ದಕ್ಕೆ ಹತ್ತಿ ಇಡಲಿಲ್ಲ, ಪಟ್ಟಿ ಒತ್ತಿತು. ಒಂದು ಸಲ ಮೊದಲಿನಿಂದ ಕೊನೆಯ ತನಕ ನೆನೆಸಿಕೊಳ್ಳಿ, ಯಂತ್ರ ದಾರಿ ಹಿಡಿದು ಬಿಚ್ಚುತ್ತಾ ಬರುತ್ತದೆ ಎಂದರು.

"ಡಾಕ್ಟರೇ, ತಳ್ಳಿದ್ದೊಂದು ತೆಗದು, ಅದಕ್ಕಿಂತ ಮೊದಲಿಂದು ಇಡಾಕ ಬರ್ತದೇನ್ರಿ?"

"ಬರಲ್ಲ. ಒಂದೇ ಎಳೆ ಅದು. ಹೋದ್ರೆ ಪೂರ್ತಿ ಹೋಗುತ್ತೆ. ಅವರು ಏನು ಹೇಳಿದ್ರು ಅನ್ನೋದು ಕೋರ್ಟಿನ ಕಾಗದದಲ್ಲಿ ಇರುತ್ತಲ್ಲ, ಓದ್ಕೋಬಹುದು."

ಕಣ್ಣು ಮುಚ್ಚಿದೆ. ಕಂದೀಲು ಬಂತು. ಉಸ್ತಾದರ ಗಡ್ಡಕ್ಕೆ ಹತ್ತಿದ ಧೂಳು ಬಂತು. ಅವರು ಆ ಮಾತು ಹೇಳುವ ಮೊದಲು ಮಣ್ಣು ಹಿಡಿದ ಬೆರಳುಗಳನ್ನು ಉಜ್ಜಿಕೊಂಡು, ತಮಗೆ ತಾವೇ ಸಣ್ಣಗೆ ನಕ್ಕರು. ಪೊಲೀಸರಿಗೆ ಹೇಳಿಕೆ ಕೊಡುವಾಗ ಆ ನಗೆಯನ್ನು ನಾನು ಹೇಳಿರಲೇ ಇಲ್ಲ, ಬೇರೊಬ್ಬನಿಗೆಂದು ನಕ್ಕದ್ದು ಅಂದುಕೊಂಡಿದ್ದೆನಲ್ಲ. ಅವರು ನನ್ನನ್ನು ನೆನೆದು ನಕ್ಕದ್ದು ಅದು. ಮಾತನ್ನು ಕಾಗದದಲ್ಲಿ ಓದಬಹುದು. ಕೋರ್ಟಿನ ಪರದೆಯಲ್ಲಿ ಆ ಮುಖವನ್ನು ನೋಡಲೂಬಹುದು, ಆದರೆ ನೋಡಿದ 'ನಾನು' ಅಲ್ಲಿ ಇರುವುದಿಲ್ಲ, ಅವರ ಉಸಿರು ಕೆನ್ನೆಗೆ ತಾಗುವುದಿಲ್ಲ. ಅವರ ಎದುರು ನಿಂತು ಅದನ್ನು ಕೇಳಿದವನು ಲೋಕದಲ್ಲಿ ಒಬ್ಬನೇ ಇದ್ದ. ಅವನು ಅಳಿಸಿಕೊಂಡ. ಈಗ ಉಳಿದವನು ನಾನು.

ಪಟ್ಟಿ ಬಿಚ್ಚಿ ಟೊಪ್ಪಿಗೆ ತೆಗೆದು ಡಾಕ್ಟರಮ್ಮನ ಕೈಗೆ ಕೊಟ್ಟೆ. ತಪ್ಪು ತಿಳಿಯಬೇಡಿ ಎಂದು ಹೇಳಿ ಹೊರಗೆ ಬಂದೆ.

ಬೆಂಚಿನ ಮೇಲೆ ಕೂತಿದ್ದ ಜಗದೇವಿ, "ಹೋಯ್ತೇನ್ರೀ?" ಎಂದಳು.

"ಇಲ್ಲ. ಇಟ್ಕೊಂಡೀನಿ."

ಬೈಯುತ್ತಾಳೆಂದು ಕಾದೆ. ಅವಳು ಎದ್ದು ಸೆರಗು ತಲೆಗೆ ಎಳೆದುಕೊಂಡು, "ನಡೀರಿ, ಬಿಸಿಲಾಯ್ತು," ಎಂದಳು.

ಈಗ ಕಾರಖಾನೆ ನಾನೂ ಇಲಿಯಾಸನೂ ಸೇರಿ ನಡೆಸುತ್ತಿದ್ದೇವೆ. ಇಲಿಯಾಸನ ಮೇಲೆ ನಾಲ್ಕು ತಿಂಗಳು ಮನಸ್ಸಿನಲ್ಲೇ ಹಲ್ಲು ಕಡಿದದ್ದನ್ನು ಅವನಿಗೆ ಹೇಳಿ ಹಗುರಾದೆ, ಅವನು ನಕ್ಕ. ಪ್ರತಿ ಶುಕ್ರವಾರ ಮಧ್ಯಾಹ್ನ ಸಕೀನಾ ಬೀಯವರ ಮನೆಗೆ ಹೋಗುತ್ತೇನೆ. ಅವರು ಚಹಾ ಕೊಟ್ಟು ಎದುರಿಗೆ ಕೂತು, "ಹೇಳು ಬೇಟಾ," ಅನ್ನುತ್ತಾರೆ. ನಾನು ಕಣ್ಣು ಮುಚ್ಚಿ ನೋಡಿ ಹೇಳುತ್ತೇನೆ. ಯಾವ ಅಂಗಿ ಹಾಕಿದ್ದರು, ಮೆಟ್ಟಿಲಲ್ಲಿ ಎಲ್ಲಿ ನಿಂತು ದಣಿವಾರಿಸಿಕೊಂಡರು, ಕಂದೀಲನ್ನು ಯಾವ ಕೈಯಲ್ಲಿ ಹಿಡಿದಿದ್ದರು, ಹೇಗೆ ನಕ್ಕರು. ಒಂದೊಂದು ವಾರ ಹೊಸದೇನಾದರೂ ಸಿಗುತ್ತದೆ, ಸಿಕ್ಕ ದಿನ ಅವರ ಮುಖ ಅರಳುತ್ತದೆ. ನಕ್ಕದ್ದರ ತನಕ ಹೇಳಿ ನಿಲ್ಲಿಸುತ್ತೇನೆ, ಅವರು ಮುಂದೆ ಕೇಳುವುದಿಲ್ಲ. ಚಹಾದ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾರೆ, ಆಗ ಉಳಿದದ್ದನ್ನು, ಆ ಕೈ ಮೇಲೆದ್ದದ್ದನ್ನು, ನಾನೊಬ್ಬನೇ ನೋಡಿ ಮುಗಿಸುತ್ತೇನೆ.